ಪರಿಶೀಲನೆ ಇರಲಿ, ಗೂಢಚಾರಿಕೆ ಬೇಡ

(ವೈಟ್‌ಫೀಲ್ಡ್‌ನಲ್ಲಿ ನಡೆದ ಉದ್ಯೋಗಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ವೈಟ್‌ಫೀಲ್ಡ್ ಮತ್ತು ಇಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದುಡಿಯುವವರು ಈ ಸಭೆಯಲ್ಲಿದ್ದಾರೆ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದವರಿದ್ದಾರೆ. ಕ್ಯಾಬ್ ಚಾಲಕರೂ ಸೆಕ್ಯುರಿಟಿ ಗಾರ್ಡ್‌ಗಳೂ ಇದ್ದಾರೆ. ನಮ್ಮ ಕೆಲಸಗಳು ಬೇರೆ ಬೇರೆ. ಆದರೆ ನಾವೆಲ್ಲರೂ ದಾಟಿ ಬರಬೇಕಾದ ಬಾಗಿಲು ಒಂದೇ. ಅದು ಹಿನ್ನೆಲೆ ಪರಿಶೀಲನೆ. ಅಂಕಪಟ್ಟಿ, ಹಿಂದಿನ ಕಂಪೆನಿಯ ಪತ್ರ, ಮನೆಯ ವಿಳಾಸ, ಪೊಲೀಸ್ ದಾಖಲೆ ಎಲ್ಲವನ್ನೂ ಅಲ್ಲಿ ತೂಗಿ ನೋಡಲಾಗುತ್ತದೆ. ಆ ಬಾಗಿಲಲ್ಲಿ ನಿಂತಾಗ ನಮ್ಮ ಯುವಕರ ಎದೆ ಇತರರಿಗಿಂತ ತುಸು ಹೆಚ್ಚೇ ಬಡಿದುಕೊಳ್ಳುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಾಗಾದರೆ ಪರಿಶೀಲನೆಯೇ ಅನ್ಯಾಯವೇ?

ಖಂಡಿತ ಅಲ್ಲ. 2005ರ ಡಿಸೆಂಬರ್‌ನಲ್ಲಿ ಇದೇ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿ ಯುವತಿಯೊಬ್ಬಳನ್ನು, ಆಕೆಯನ್ನು ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಅತ್ಯಾಚಾರಗೈದು ಕೊಂದನು. 2010ರಲ್ಲಿ ನ್ಯಾಯಾಲಯ ಆತನನ್ನು ಅಪರಾಧಿಯೆಂದು ಘೋಷಿಸಿತು. ನಮ್ಮ ಹೆಣ್ಮಕ್ಕಳು ರಾತ್ರಿ ಹತ್ತುವ ವಾಹನದ ಚಾಲಕ ಯಾರೆಂದು ವಿಚಾರಿಸಬೇಡಿರೆಂದು ಹೇಳಬಲ್ಲ ತಂದೆ ನಮ್ಮಲ್ಲಿ ಯಾರಿದ್ದಾರೆ? ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯು ಗಾರ್ಡ್‌ಗಳ ನಡತೆ ಮತ್ತು ಪೂರ್ವಾಪರದ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. 2006ರಲ್ಲಿ ನಾಸ್ಕಾಮ್ ಸಂಘಟನೆಯು ಐಟಿ ಉದ್ಯೋಗಿಗಳ ವಿವರ ಮತ್ತು ಬೆರಳಚ್ಚುಗಳ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. ಪರರ ಪ್ರಾಣ, ಹಣ, ಗುಟ್ಟುಗಳು ಯಾರ ಕೈಯಲ್ಲಿರುತ್ತವೆಯೋ ಅವರನ್ನು ವಿಚಾರಿಸುವುದು ನ್ಯಾಯವೇ ಆಗಿದೆ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಈ ವಿಷಯದಲ್ಲಿ ನಮಗೆ ಎರಡು ಅಳತೆಗೋಲುಗಳನ್ನು ಕೊಟ್ಟಿದೆ. ಅದರ 6ನೇ ಸೂಕ್ತವು, ನಂಬಲರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸದೆ ಯಾರ ಮೇಲೂ ಕೈಯೆತ್ತಬಾರದೆಂದು ಎಚ್ಚರಿಸುತ್ತದೆ. 12ನೇ ಸೂಕ್ತವು ಗುಮಾನಿಯನ್ನೂ ಪರರ ಗುಟ್ಟನ್ನು ಕೆದಕುವುದನ್ನೂ ನಿಷೇಧಿಸುತ್ತದೆ. ಅಂದರೆ ಪರಿಶೀಲನೆ ಕರ್ತವ್ಯ, ಗೂಢಚಾರಿಕೆ ಪಾಪ. ಇವೆರಡರ ನಡುವಿನ ಗೆರೆ ಯಾವುದು?

ಹಝ್ರತ್ ಉಮರ್(ರ)ರ ಕಾಲದ ಒಂದು ಪ್ರಸಂಗವನ್ನು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಒಬ್ಬನು ಇನ್ನೊಬ್ಬನ ಪ್ರಾಮಾಣಿಕತೆಗೆ ಸಾಕ್ಷಿ ನುಡಿಯಲು ಮುಂದಾದಾಗ ಖಲೀಫರು ಮೂರು ಪ್ರಶ್ನೆ ಕೇಳಿದರಂತೆ. ಆತನ ನೆರೆಮನೆಯಲ್ಲಿ ವಾಸಿಸಿದ್ದೀಯಾ? ಆತನೊಂದಿಗೆ ಪ್ರಯಾಣ ಮಾಡಿದ್ದೀಯಾ? ಹಣದ ವ್ಯವಹಾರ ನಡೆಸಿದ್ದೀಯಾ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗ, ಹಾಗಾದರೆ ನೀನು ಆತನನ್ನು ಅರಿತಿಲ್ಲ ಎಂದರು. ಮಸೀದಿಯಲ್ಲಿ ಕಂಡದ್ದು ಅವರಿಗೆ ಸಾಕಾಗಲಿಲ್ಲ. ಅವರು ಕೇಳಿದ್ದು ನಡತೆಯನ್ನು. ಕುಲವನ್ನಲ್ಲ, ಗೋತ್ರವನ್ನಲ್ಲ, ಗಡ್ಡದ ಉದ್ದವನ್ನೂ ಅಲ್ಲ! ಕೆಲಸಕ್ಕೆ ಬೇಕಾದ ನಂಬಿಕೆಯನ್ನು ಅಳೆಯುವುದು ಪರಿಶೀಲನೆ. ಮನುಷ್ಯನ ಹೆಸರು, ಬೀದಿ, ವಿಶ್ವಾಸಗಳನ್ನು ಅಳೆಯುವುದು ಬೇರೆಯೇ ಒಂದು ವ್ಯವಹಾರ.

ಈ ಗೆರೆ ಅಳಿಸಿದಾಗ ಏನಾಗುತ್ತದೆಂಬುದನ್ನು ನಮ್ಮ ನಗರವೇ ಕಂಡಿದೆ. 2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯಲ್ಲಿ ಭಯೋತ್ಪಾದನಾ ಸಂಚಿನ ಆರೋಪದ ಮೇಲೆ ಹಲವು ಯುವಕರನ್ನು ಬಂಧಿಸಲಾಯಿತು. ಅವರಲ್ಲಿ ಒಬ್ಬರು ಇಂಗ್ಲಿಷ್ ದೈನಿಕದ ವರದಿಗಾರ. ಇನ್ನೊಬ್ಬರು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕಿರಿಯ ಸಂಶೋಧಕ. ದೋಷ ಸಾಬೀತಾಗುವ ಮುನ್ನವೇ ಪತ್ರಿಕೆಗಳು, ಚಾನೆಲ್‌ಗಳು ತೀರ್ಪು ಕೊಟ್ಟು ಮುಗಿಸಿದ್ದವು. 2013ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ಸಲ್ಲಿಸಿದ ದೋಷಾರೋಪ ಪಟ್ಟಿಯಲ್ಲಿ ಈ ಇಬ್ಬರ ಹೆಸರೂ ಇರಲಿಲ್ಲ. ಸುಮಾರು ಆರು ತಿಂಗಳ ಸೆರೆವಾಸದ ಬಳಿಕ ಇಬ್ಬರೂ ಹೊರಬಂದರು. ಅಷ್ಟರಲ್ಲಿ ಆ ಸಂಶೋಧಕನ ಕೆಲಸ ಹೋಗಿತ್ತು. ಅದೇ ಪ್ರಕರಣದಲ್ಲಿ ಇತರ ಹಲವರು 2016ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದರೆಂಬುದನ್ನೂ ನಾವು ಹೇಳಲೇಬೇಕು. ಸತ್ಯವನ್ನು ಅರ್ಧ ಹೇಳುವುದು ನಮಗೆ ಸಲ್ಲದು. ತಪ್ಪಿತಸ್ಥರಿದ್ದರೆ ಶಿಕ್ಷೆಯಾಗಲಿ. ಆದರೆ ತಪ್ಪಿಲ್ಲದವನ ಕೆಲಸವನ್ನು ಮರಳಿಸುವವರಾರು? ಮುಂದಿನ ಸಂದರ್ಶನದಲ್ಲಿ ಆ ಆರು ತಿಂಗಳ ಬಗ್ಗೆ ಕೇಳಿದರೆ ಆತ ಏನೆಂದು ಉತ್ತರಿಸಬೇಕು?

ಇನ್ನೊಂದು ಪ್ರಕರಣವನ್ನು ನಾವು ವಿಶೇಷವಾಗಿ ನೆನಪಿಡಬೇಕು. ಮಧ್ಯಪ್ರದೇಶದ ಅಧ್ಯಾಪಕರೊಬ್ಬರು ಆರೆಸ್ಸೆಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಪಾಲ್ಗೊಂಡಿದ್ದರೆಂದು ಪೊಲೀಸರು ವರದಿ ಕೊಟ್ಟರು. ಸರಕಾರ ಅವರನ್ನು ಸೇವೆಯಿಂದ ತೆಗೆಯಿತು. 1983ರಲ್ಲಿ ಸುಪ್ರೀಮ್ ಕೋರ್ಟು ಅದನ್ನು ತಪ್ಪೆಂದು ಹೇಳಿತು. ಪೊಲೀಸರ ಗುಪ್ತ ವರದಿಯ ಆಧಾರದಲ್ಲಿ ಒಬ್ಬನ ಹಿಂದಿನ ರಾಜಕೀಯ ನಿಲುವಿಗಾಗಿ ಸರಕಾರಿ ನೌಕರಿ ಕಸಿಯುವುದು ಸಂವಿಧಾನಕ್ಕೆ ಒಪ್ಪದೆಂದಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ, 1990ರ ವರದಿಯಲ್ಲಿ ಮುಸ್ಲಿಮರನ್ನು ಹಿಂದುಳಿದ ವರ್ಗವೆಂದು ಗುರುತಿಸಿದವರೂ ಅವರೇ. ಆ ಅಧ್ಯಾಪಕರ ವಿಚಾರಗಳಿಗೂ ನಮ್ಮ ವಿಚಾರಗಳಿಗೂ ಅಜಗಜಾಂತರವಿದೆ. ಆದರೂ ಅವರಿಗೆ ಸಿಕ್ಕ ನ್ಯಾಯವೇ ನಮ್ಮ ಕೋಟೆ. ನಮಗೆ ಮಾತ್ರ ಬೇಕೆಂದು ಕೇಳಿದರೆ ಅದು ಹಕ್ಕಾಗುವುದಿಲ್ಲ, ರಿಯಾಯಿತಿಯಾಗುತ್ತದೆ.

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ದಾವೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಆ ಹಿರಿಯರು ಕಾದಾಡಿದ್ದು ಎಲ್ಲರ ಪರವಾಗಿ. ಬಳಿಕ 2023ರಲ್ಲಿ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಆದರೆ ಕಾಯ್ದೆಯ 7ನೇ ಕಲಮು, ಉದ್ಯೋಗದ ಉದ್ದೇಶಕ್ಕಾಗಿ ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ತನ್ನ ಬಗೆಗಿನ ಮಾಹಿತಿಯನ್ನು ನೋಡುವ, ತಿದ್ದಿಸುವ ಹಕ್ಕನ್ನಾದರೋ ಒಪ್ಪಿಗೆಯ ಮೇಲೆ ಪಡೆದ ಮಾಹಿತಿಗಷ್ಟೇ ಸೀಮಿತಗೊಳಿಸಲಾಗಿದೆ. ಅಂದರೆ ನೌಕರನ ಬಗ್ಗೆ ತಪ್ಪು ವರದಿ ಬರೆದರೆ ಅದನ್ನು ಕಣ್ಣಾರೆ ನೋಡಲು ಕಾಯ್ದೆ ಆತನಿಗೆ ನೆರವಾಗದಿರಬಹುದು! ನಾವು ದನಿಯೆತ್ತಬೇಕಾದುದು ಇಲ್ಲಿ.

ಇನ್ನು ನಮ್ಮ ಮನೆಯ ಮಾತು. ಇಲ್ಲದ ಅನುಭವಕ್ಕೆ ನಕಲಿ ಪ್ರಮಾಣಪತ್ರ ಕೊಂಡುಕೊಳ್ಳುವವರು ನಮ್ಮಲ್ಲಿಲ್ಲವೇ? ಅಂಕಪಟ್ಟಿಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಎಂಬ ಅಸಡ್ಡೆ ಎಷ್ಟು ಮನೆಗಳಲ್ಲಿಲ್ಲ! ಹಿಂದಿನ ಸಣ್ಣ ಪ್ರಕರಣವೊಂದನ್ನು ಅರ್ಜಿಯಲ್ಲಿ ಮುಚ್ಚಿಡುವ ಭಯವೂ ಇದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಎರಡೂ ಕಡೆಗೆ ಪಾಠ ಹೇಳಿತು. ಅರ್ಜಿದಾರನು ಕೊಡುವ ಮಾಹಿತಿ ಸತ್ಯವಾಗಿರಲೇಬೇಕು. ಹಾಗೆಯೇ ನಮೂನೆಯ ಪ್ರಶ್ನೆ ಸ್ಪಷ್ಟವಾಗಿರಬೇಕು, ಕ್ಷುಲ್ಲಕ ಪ್ರಕರಣವನ್ನು ಕ್ಷುಲ್ಲಕವೆಂದೇ ಪರಿಗಣಿಸಲು ಅವಕಾಶವಿರಬೇಕು. ಆದ್ದರಿಂದ ಯುವಕರೇ, ಸುಳ್ಳು ಹೇಳಿ ಕೆಲಸ ಗಿಟ್ಟಿಸಬೇಡಿರಿ. ಒಬ್ಬನ ಸುಳ್ಳು ಹತ್ತು ಮಂದಿ ಪ್ರಾಮಾಣಿಕರ ಮೇಲೆ ಗುಮಾನಿಯಾಗಿ ಬೀಳುತ್ತದೆ.

ನಮ್ಮ ಬೇಡಿಕೆ ನಾಲ್ಕೇ ನಾಲ್ಕು. ಏನನ್ನು ವಿಚಾರಿಸುತ್ತೀರೆಂದು ಮುಂಚಿತವಾಗಿ ತಿಳಿಸಿರಿ. ಆ ಕೆಲಸಕ್ಕೆ ಬೇಕಾದುದನ್ನಷ್ಟೇ ವಿಚಾರಿಸಿರಿ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿರಿ. ಪ್ರತಿಕೂಲ ವರದಿ ಬಂದರೆ ಅದನ್ನು ಆತನಿಗೆ ತೋರಿಸಿ, ಉತ್ತರ ಕೇಳಿದ ನಂತರ ನಿರ್ಧರಿಸಿರಿ.

ಪ್ರವಾದಿ ಯೂಸುಫ್(ಅ)ರನ್ನು ನೆನೆಯಿರಿ. ಸುಳ್ಳು ಆರೋಪದಿಂದ ಸೆರೆಮನೆ ಸೇರಿದ್ದ ಅವರಿಗೆ ಅರಸನಿಂದ ಕರೆ ಬಂತು. ಆದರೆ ಅವರು ಕೂಡಲೇ ಹೊರಬರಲಿಲ್ಲ. ಮೊದಲು ತನ್ನ ಮೇಲಿನ ಆರೋಪದ ವಿಚಾರಣೆಯಾಗಲಿ ಎಂದರು. ವಿಚಾರಣೆ ನಡೆಯಿತು, ಸತ್ಯ ಹೊರಬಂತು. ಆ ಬಳಿಕವೇ ಅವರು ನಾಡಿನ ಭಂಡಾರಗಳ ಹೊಣೆ ಕೇಳಿದರು. ತಾನು ಕಾಪಾಡಬಲ್ಲವನು, ಬಲ್ಲವನು ಎಂಬ ಎರಡೇ ಅರ್ಹತೆಗಳನ್ನು ಮುಂದಿಟ್ಟರು. ಅರಸನು ಅವರ ಸೆರೆವಾಸದ ದಾಖಲೆಯನ್ನು ಹಿಡಿದು ಕುಳಿತಿದ್ದರೆ ಬರಗಾಲದ ಏಳು ವರ್ಷಗಳಲ್ಲಿ ಆ ನಾಡಿಗೆ ಅನ್ನವೆಲ್ಲಿರುತ್ತಿತ್ತು?

ಪರಿಶೀಲನೆಗೆ ನಾವು ಹೆದರಬೇಕಾಗಿಲ್ಲ, ಅದನ್ನು ನ್ಯಾಯವಾಗಿ ಮಾಡಿರೆಂದು ಕೇಳಲು ನಾಚಬೇಕಾಗಿಯೂ ಇಲ್ಲ. ಪ್ರಾಮಾಣಿಕತೆಯನ್ನೂ ಧೈರ್ಯವನ್ನೂ ಅಲ್ಲಾಹನು ನಮಗೆ ಕರುಣಿಸಲಿ.