ಕಣ್ಣಿಗೂ ನಮ್ಮ ಮೇಲೆ ಹಕ್ಕಿದೆ

(ಹಿರಿಯಡ್ಕದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಅಬ್ದುಲ್ಲಾಹ್ ಬಿನ್ ಅಮ್ರ್(ರ) ಎಂಬ ಯುವ ಸಹಾಬಿ ಹಗಲೆಲ್ಲ ಉಪವಾಸದಲ್ಲೂ ರಾತ್ರಿಯೆಲ್ಲ ನಮಾಝಿನಲ್ಲೂ ಕಳೆಯುತ್ತಿದ್ದರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಅವರನ್ನು ತಡೆದರು. ಶರೀರಕ್ಕಿರುವಂತೆ ಕಣ್ಣಿಗೂ ಮನುಷ್ಯನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರು. ಆರಾಧನೆಗಾಗಿ ನಿದ್ದೆಗೆಟ್ಟವರಿಗೇ ಈ ಉಪದೇಶವಾದರೆ, ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುವ ನಮ್ಮ ಪಾಡೇನು?

ಮೊದಲು ಮಕ್ಕಳ ವಿಚಾರ. ಮೊಬೈಲ್ ನೋಡಿದರೆ ಕಣ್ಣು ಕುರುಡಾಗುತ್ತದೆ ಎಂದು ಹೆದರಿಸುವುದು ಸರಿಯಲ್ಲ, ಮಕ್ಕಳು ಅದನ್ನು ನಂಬುವುದೂ ಇಲ್ಲ. ನಿಜವಾದ ತೊಂದರೆ ಬೇರೆ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದವಾದರೆ ದೂರದ ವಸ್ತು ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ. ಹಗಲ ಬೆಳಕು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಆದ್ದರಿಂದಲೇ ತೈವಾನ್ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬಯಲಲ್ಲಿರಿಸುವ ಯೋಜನೆ ನಡೆಸುತ್ತಿದೆ. ನಮ್ಮ ಮಗುವಿನ ದಿನಚರಿ ನೋಡಿ: ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್, ಕೊನೆಗೆ ಮೊಬೈಲ್. ಅದರ ಮೇಲೆ ನಮ್ಮ ಊರಿನ ಮಳೆಗಾಲ ಬೇರೆ! ಬಿಸಿಲು ಕಂಡದ್ದು ಬಸ್‌ಸ್ಟಾಪಿನಲ್ಲಿ ಮಾತ್ರ. ಸಮಿತಿಯವರು ಮನಸ್ಸು ಮಾಡಿದರೆ ಮದ್ರಸದ ಕೊನೆಯ ಕಾಲು ಗಂಟೆಯನ್ನಾದರೂ ಅಂಗಳದಲ್ಲಿ ಕಳೆಯಬಹುದು.

ಉಸ್ತಾದರುಗಳಲ್ಲಿ ಒಂದು ವಿನಂತಿ. ಬೋರ್ಡಿನ ಅಕ್ಷರ ತಪ್ಪಾಗಿ ಓದುವ ಹುಡುಗ ದಡ್ಡನೇ ಆಗಿರಬೇಕಿಲ್ಲ, ಅವನಿಗೆ ಅಕ್ಷರ ಕಾಣದೆಯೂ ಇರಬಹುದು. ಬೈಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ. 1976ರಲ್ಲಿ ಆರಂಭವಾದ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಬಡ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುವ ವ್ಯವಸ್ಥೆಯೂ ಇದೆ. ಹೆಣ್ಣುಮಗಳಿಗೆ ಕನ್ನಡಕ ಹಾಕಿಸಿದರೆ ಮದುವೆಗೆ ತೊಡಕು ಎನ್ನುವ ಮಾತು ಈಗಲೂ ಕೇಳಿಬರುತ್ತದೆ. ಇದು ಆ ಮಗುವಿಗೆ ಮಾಡುವ ಅನ್ಯಾಯ.

ಇನ್ನು ದೊಡ್ಡವರಿಗೆ ಬರೋಣ. ನೈಚೋರು, ಬಿರಿಯಾನಿ, ಮೇಲೊಂದು ಸಿಹಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ. ಸಕ್ಕರೆ ಕಾಯಿಲೆ ಇಲ್ಲದ ಮನೆ ನಮ್ಮಲ್ಲಿ ಅಪರೂಪವಾಗುತ್ತಿದೆ. ಕಾಯಿಲೆ ಹಿಡಿತ ತಪ್ಪಿದರೆ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಸೋರುತ್ತವೆ, ಕಟ್ಟಿಕೊಳ್ಳುತ್ತವೆ. ಆರಂಭದಲ್ಲಿ ನೋವಿಲ್ಲ, ದೃಷ್ಟಿಯೂ ಕಡಿಮೆಯಾಗುವುದಿಲ್ಲ. ಮಂಜು ಕವಿದಾಗ ವೈದ್ಯರಲ್ಲಿಗೆ ಹೋದರೆ ಹೋದದ್ದೆಲ್ಲ ಮರಳಿ ಸಿಗುವ ಭರವಸೆಯಿಲ್ಲ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಲೇಬೇಕು. ಇಲ್ಲಿಂದ ಪರ್ಕಳ ದಾಟಿದರೆ ಮಣಿಪಾಲ. ಆದರೂ ಎಷ್ಟೋ ತಾಯಂದಿರು ಕರೆದೊಯ್ಯುವವರಿಲ್ಲದೆ ಮನೆಯಲ್ಲೇ ಉಳಿದಿದ್ದಾರೆ. ಮಗ ಗಲ್ಫಿನಿಂದ ಪ್ರತಿ ತಿಂಗಳು ಹಣ ಕಳಿಸುತ್ತಾನೆ, ಕಣ್ಣಿನ ಬಗ್ಗೆ ಕೇಳುವುದಿಲ್ಲ. ಇಂದು ಮನೆಗೆ ಹೋಗಿ ಕೇಳಿ. ಪರೀಕ್ಷೆಯ ದಿನ ಕೆಲವು ಗಂಟೆ ಕಣ್ಣು ಮಬ್ಬಾಗಿರುತ್ತದೆ, ಜೊತೆಗೊಬ್ಬರು ಇರಲಿ.

ಬೀಡಿ, ಸಿಗರೇಟು ಶ್ವಾಸಕೋಶಕ್ಕೆ ಮಾತ್ರ ಕೆಡುಕೆಂದು ಭಾವಿಸಿದವರಿದ್ದಾರೆ. ಸೇದುವವರಲ್ಲಿ ಕಣ್ಣಿನ ಪೊರೆಯ ಅಪಾಯವೂ, ವಯಸ್ಸಾದಾಗ ದೃಷ್ಟಿಯ ನಡುಭಾಗ ಅಳಿಸಿಹೋಗುವ ರೋಗದ ಅಪಾಯವೂ ಹೆಚ್ಚು.

ಸುರ್ಮಾದ ಬಗ್ಗೆ ಹಲವರು ಕೇಳುತ್ತಾರೆ. ಹದೀಸ್‌ಗಳಲ್ಲಿ ಪ್ರಶಂಸೆಯಿರುವುದು ಇಸ್ಮಿದ್‌ಗೆ. ಅಂಗಡಿಯಲ್ಲಿ ಸುರ್ಮಾ ಎಂದು ಮಾರುವ ಪುಡಿಗಳಲ್ಲಿ ಹಲವು ಸೀಸದ ಅದಿರಿನವು. ಸೀಸ ಎಳೆಯ ಮಕ್ಕಳ ಮಿದುಳಿಗೆ ವಿಷ. ಸುನ್ನತ್ತಿನ ಹೆಸರಿನಲ್ಲಿ ಹಸುಗೂಸಿನ ಕಣ್ಣಿಗೆ ಅದನ್ನು ಹಚ್ಚಬೇಡಿ. ಒಂದೇ ಕಡ್ಡಿಯಿಂದ ಮನೆಮಂದಿಯೆಲ್ಲ ಹಚ್ಚಿಕೊಂಡರೆ ಕೆಂಗಣ್ಣು ಹರಡುತ್ತದೆ.

ಕೊನೆಯದಾಗಿ, ಗ್ಲಾಕೋಮಾ ಇರುವವರು ಉಪವಾಸ ಮುರಿಯುವ ಭಯದಿಂದ ರಮಝಾನಿನಲ್ಲಿ ಹನಿಮದ್ದು ನಿಲ್ಲಿಸುವುದುಂಟು. ಕಣ್ಣಿಗೆ ಹಾಕುವ ಮದ್ದಿನಿಂದ ಉಪವಾಸ ಮುರಿಯುವುದಿಲ್ಲವೆಂದು ಶಾಫಿಈ, ಹನಫಿ ಎರಡೂ ಮದ್ಹಬ್‌ಗಳ ವಿದ್ವಾಂಸರು ಹೇಳಿದ್ದಾರೆ. ಒಂದು ತಿಂಗಳು ಮದ್ದು ಬಿಟ್ಟರೆ ಕಣ್ಣಿನ ಒತ್ತಡ ಏರಿ ನರ ಹಾಳಾಗಬಹುದು. ಆ ನರ ಮತ್ತೆ ಚಿಗುರುವುದಿಲ್ಲ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಮದ್ದು ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ, ಮನಸ್ಸಿಗೂ ಸಮಾಧಾನ.