ಬೀಗದಕೈಯಿಲ್ಲದ ತಿಜೋರಿ

ಮಾಗಡಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಅಜ್ಜಿಯದೊಂದು ಮರದ ಪೆಟ್ಟಿಗೆಯಿತ್ತು. ಅದರ ಬೀಗದಕೈ ಸದಾ ಆಕೆಯ ಸೊಂಟದಲ್ಲಿರುತ್ತಿತ್ತು. ಮನೆಯ ಯಜಮಾನಿಕೆ ಯಾರದೆಂದು ಹೊಸಬರು ತಿಳಿಯಬೇಕಾದರೆ ಆ ಬೀಗದಕೈಯ ಸದ್ದು ಎತ್ತಣಿಂದ ಬರುತ್ತದೆಂದು ಕೇಳಿಸಿಕೊಂಡರೆ ಸಾಕಾಗಿತ್ತು. ಅಜ್ಜಿ ತೀರಿಕೊಂಡ ಮೇಲೆ ಅದು ನಮ್ಮ ತಾಯಿಯ ಸೊಂಟಕ್ಕೆ ಬಂತು. ಹೀಗೆ ಕೈಯಿಂದ ಕೈಗೆ ದಾಟುತ್ತಿದ್ದ, ಕಣ್ಣಿಗೆ ಕಾಣುತ್ತಿದ್ದ ಒಂದು ವಸ್ತು ಇಂದು ಅನೇಕ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಯಾರೋ ಒಬ್ಬರ ತಲೆಯೊಳಗಿನ ಸಂಖ್ಯೆಯಾಗಿದೆ.

ಕಬ್ಬಿಣದ ತಿಜೋರಿ ನಮಗೆ ಹೊಸದಲ್ಲ. 1897ರಲ್ಲಿ ಮುಂಬಯಿಯಲ್ಲಿ ಬೀಗಗಳನ್ನು ಮಾಡಲು ತೊಡಗಿದ ಅರ್ದೇಶಿರ್ ಗೋದ್ರೇಜ್ ಅವರು ಮುಂದೆ ತಿಜೋರಿಗಳಿಗೂ ಕೈಹಾಕಿದರು. ಅವರ ಹೆಸರು ನಮ್ಮ ಕಡೆಯ ಮನೆಗಳಲ್ಲಿ ಬೀರುವಿಗೆ ಅಂಟಿಕೊಂಡೇ ಬಿಟ್ಟಿದೆ. ಹೊಸದೆಂದರೆ ಬಾಗಿಲಿನ ಮೇಲೆ ಕುಳಿತಿರುವ ಅಂಕಿಗಳ ಫಲಕ, ಜನರ ಮಾತಿನಲ್ಲಿ ಕೀಪ್ಯಾಡು. ಅದರ ಸ್ವಭಾವವನ್ನು ತಿಳಿಯದೆ ಬಾಳುವುದರಿಂದ ಒದಗುವ ಕಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳುವುದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಮುಂದಿನ ಸಂಗತಿಯೇ ಅದಕ್ಕೆ ಉತ್ತರ.

ರಾಮನಗರದಲ್ಲಿ ನನ್ನ ಹಳೆಯ ಶಿಷ್ಯರೊಬ್ಬರು ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ನಡೆಸುತ್ತಾರೆ. ಅಲ್ಲಿಯ ಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದದ್ದು. ಗೂಡು ತಂದ ರೈತನಿಗೆ ನೋಟು ಎಣಿಸಿ ಕೊಡುತ್ತಿದ್ದ ಕಾಲ ಹೋಗಿ ಹಣ ಅವನ ಬ್ಯಾಂಕಿನ ಖಾತೆಗೇ ಸೇರುವ ಏರ್ಪಾಡು ಬಂದಿದೆ. ಆದರೂ ನನ್ನ ಶಿಷ್ಯರ ಕಾರ್ಖಾನೆಯಲ್ಲಿ ಕೆಲಸಗಾರರ ವಾರದ ಬಟವಾಡೆ ಮಾತ್ರ ಇನ್ನೂ ರೊಕ್ಕದಲ್ಲಿಯೇ ನಡೆಯುತ್ತಿತ್ತು. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಸಂಜೆ ಮದುವೆಯ ಕರೆಯೋಲೆ ಕೊಡಲು ನಾನು ಅಲ್ಲಿಗೆ ಹೋಗಿದ್ದೆ. ಹೊರಗೆ ಹೆಂಗಸರು ಬಟವಾಡೆಗಾಗಿ ಕಾದು ನಿಂತಿದ್ದರು. ಯಜಮಾನರು ತಿಜೋರಿಯ ಮುಂದೆ ಕುಳಿತು ಸಂಖ್ಯೆಯನ್ನು ಒತ್ತಿದರು. ಕೀಚ್ ಎಂದು ಸದ್ದಾಯಿತು, ಹಸಿರು ದೀಪ ಬೆಳಗಿತು, ಹಿಡಿಕೆ ಮಾತ್ರ ತಿರುಗಲಿಲ್ಲ. ಮತ್ತೊಮ್ಮೆ ಒತ್ತಿದರು. ಇನ್ನೊಮ್ಮೆ. ಹೊರಗಿನ ಗದ್ದಲ ಹೆಚ್ಚಿದಂತೆ ಬೆರಳು ತಪ್ಪಿತು; ಕೆಂಪು ದೀಪ ಮಿನುಗಿತು; ಕೊನೆಗೆ ಯಾವ ಗುಂಡಿಗೂ ಉತ್ತರವೇ ಬರಲಿಲ್ಲ.

“ಯಾರೋ ನಂಬರ್ ಬದಲಾಯಿಸಿದ್ದಾರೆ, ಸಾರ್,” ಎಂದರು ನನ್ನ ಶಿಷ್ಯರು. ಆ ಸಂಖ್ಯೆ ಗೊತ್ತಿದ್ದವರು ಇಬ್ಬರೇ. ಒಬ್ಬರು ಅವರು, ಇನ್ನೊಬ್ಬರು ಹನ್ನೊಂದು ವರ್ಷಗಳಿಂದ ಅಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು. ಅವರು ಬಾಗಿಲ ಬಳಿಯೇ ನಿಂತಿದ್ದರು. ಯಾರೂ ಏನೂ ಆಡಲಿಲ್ಲ. ಎಲ್ಲರೂ ಅವರ ಮುಖವನ್ನು ನೋಡಿದರು. ನಾನೂ ನೋಡಿದೆ. ಆ ನೋಟದಲ್ಲಿ ಏನಿತ್ತೆಂಬುದು ಅವರಿಗೆ ತಿಳಿಯದೆ ಇರಲಿಲ್ಲ.

ಸಾಲ ತಂದು ಬಟವಾಡೆ ಮಾಡಿದ್ದಾಯಿತು. ಸೋಮವಾರ ಬೆಂಗಳೂರಿನಿಂದ ಕೆಲಸಗಾರನೊಬ್ಬ ಬಂದ. ಫಲಕದ ಅಡಿಯ ಸಣ್ಣ ಮುಚ್ಚಳವನ್ನು ತೆಗೆದು, ಒಳಗಿದ್ದ ಬ್ಯಾಟರಿಯನ್ನು ಎಳೆದು, ಹೊಸದೊಂದನ್ನು ಸಿಕ್ಕಿಸಿದ. ಹಳೆಯ ಸಂಖ್ಯೆಗೇ ಬಾಗಿಲು ತೆರೆಯಿತು. ಒಂದು ಕಾಗದವೂ ಕದಲಿರಲಿಲ್ಲ.

ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಸಂಖ್ಯೆ ಬದಲಾಗಿದ್ದರೆ ಮೊದಲ ಸಲವೇ ಕೆಂಪು ದೀಪ ಬರಬೇಕಾಗಿತ್ತು. ಹಸಿರು ಬಂದಿತೆಂದರೆ ಪೆಟ್ಟಿಗೆ ಆ ಸಂಖ್ಯೆಯನ್ನು ಒಪ್ಪಿಕೊಂಡಿದೆ ಎಂದೇ ಅರ್ಥ. ದೀಪ ಬೆಳಗಿಸುವುದಕ್ಕೂ ಸದ್ದು ಮಾಡುವುದಕ್ಕೂ ಅತ್ಯಲ್ಪ ವಿದ್ಯುತ್ತು ಸಾಕು. ಒಳಗಿನ ಅಗುಳಿಯನ್ನು ಸರಿಸುವ ವಿದ್ಯುತ್ಕಾಂತವೋ ಪುಟ್ಟ ಮೋಟಾರೋ ಒಂದೇ ಕ್ಷಣದಲ್ಲಿ ಅದಕ್ಕಿಂತ ಬಹಳ ಹೆಚ್ಚನ್ನು ಬೇಡುತ್ತದೆ. ಬಡಕಲಾದ ಬ್ಯಾಟರಿ ಮಾತನಾಡಬಲ್ಲದು, ಕೆಲಸ ಮಾಡಲಾರದು. ಅಲ್ಲಿದ್ದದ್ದು ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ರೇಡಿಯೋಗಳಿಗೆಂದು ಬಂದದ್ದೇ ಅದು. ತಿಜೋರಿ ಬೇಡವೆಂದದ್ದನ್ನು ನನ್ನ ಹಳೆಯ ಟ್ರಾನ್ಸಿಸ್ಟರಿಗೆ ಹಾಕಿದೆ. ಅನೇಕ ದಿನ ವಾರ್ತೆ ಕೇಳಿಸಿತು.

ಅಂದರೆ ಆ ಶನಿವಾರ ಪೆಟ್ಟಿಗೆ ಗುಮಾಸ್ತರ ಪರವಾಗಿ ಸಾಕ್ಷಿ ನುಡಿಯುತ್ತಲೇ ಇತ್ತು; ಆ ಭಾಷೆ ಬಲ್ಲವರು ಅಲ್ಲಿ ಇರಲಿಲ್ಲ. ಅವರು ಮಾತ್ರ ಮಂಗಳವಾರ ತಮ್ಮ ಲೆಕ್ಕ ಒಪ್ಪಿಸಿ ಕನಕಪುರದ ಕಡೆಯ ತಮ್ಮ ಊರಿಗೆ ಹೊರಟುಹೋದರು. ಯಜಮಾನರು ಎರಡು ಸಲ ಹೋಗಿ ಕರೆದರು. ಕಾಫಿ ಕೊಟ್ಟು ಉಪಚರಿಸಿ ಕಳುಹಿಸಿದರಂತೆ, ಬರಲಿಲ್ಲ.

ಇನ್ನು, ನಾನು ಅಂದಿನಿಂದ ವಿಚಾರಿಸಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ತಿಜೋರಿ ತೆರೆಯದಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ, ಮನುಷ್ಯರ ಮೇಲೆ ಬೇಡ. ಆಲ್ಕಲೈನ್ ಎಂದು ಬರೆದಿರುವ, ಅವಧಿ ಮೀರದ ಹೊಸ ಬ್ಯಾಟರಿಯನ್ನೇ ಹಾಕಬೇಕು. ಅಗ್ಗದ ಸಾಮಾನ್ಯ ಸೆಲ್ಲುಗಳೂ ಮರಳಿ ಚಾರ್ಜು ಮಾಡುವಂಥವೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ನಾಲ್ಕು ಸೆಲ್ಲುಗಳಿರುವ ಕಡೆ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಬ್ಯಾಟರಿ ತೆಗೆದರೆ ಸಂಖ್ಯೆ ಅಳಿಸಿಹೋಗುವುದೆಂದು ಹಲವರು ಹೆದರುತ್ತಾರೆ, ಸಾಮಾನ್ಯವಾಗಿ ಹಾಗಾಗುವುದಿಲ್ಲ. ಸಂಖ್ಯೆ ಮೂರು ನಾಲ್ಕು ಸಲ ತಪ್ಪಿದರೆ ಪೆಟ್ಟಿಗೆ ತಾನಾಗಿಯೇ ಕೆಲವು ನಿಮಿಷ ಮೌನ ಹಿಡಿಯುತ್ತದೆ. ಅದು ಕೆಟ್ಟಿತೆಂದು ಹಾರೆ ತರಿಸಬೇಡಿ. ಯಾವ ಗುಂಡಿಯನ್ನೂ ಮುಟ್ಟದೆ ಕಾಲು ಗಂಟೆ ಕುಳಿತಿದ್ದು ಮತ್ತೆ ನಿಧಾನವಾಗಿ ಒತ್ತಿ ನೋಡಬೇಕು. ಒಳಗೆ ಕಾಗದಪತ್ರ ತುರುಕಿದ್ದರೆ ಅವು ಬಾಗಿಲನ್ನು ಹೊರಕ್ಕೆ ನೂಕಿ ಅಗುಳಿ ಬಿಗಿಯುವುದುಂಟು. ಆಗ ಬಾಗಿಲನ್ನು ಅಂಗೈಯಿಂದ ಒಳಕ್ಕೆ ಒತ್ತಿ ಹಿಡಿದು ಸಂಖ್ಯೆ ಒತ್ತಿದರೆ ಹಿಡಿಕೆ ತಿರುಗೀತು.

ನಮ್ಮ ಸೀಮೆಯ ಕಸುಬುಗಳಿಗೂ ಈ ಫಲಕಕ್ಕೂ ಅಷ್ಟು ಹೊಂದಾಣಿಕೆಯಿಲ್ಲ. ರಾಮನಗರದಲ್ಲಿ ಗೂಡು ಬೇಯಿಸುವ ಬಾಣಲೆಯ ಹಬೆ, ಒದ್ದೆಗೈಯ ಅಂಟು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವಾಗ ಹಾರುವ ಹಾಲೆಮರದ ನುಣ್ಣನೆಯ ಪುಡಿ. ಕನಕಪುರದ ಕಡೆ ಕಲ್ಲುಗಣಿಗಳ ದೂಳು. ಹಬೆಯಿಂದ ಬ್ಯಾಟರಿಯ ತುದಿಗಳಿಗೆ ಕಿಲುಬು ಹತ್ತುತ್ತದೆ, ಪುಡಿ ಗುಂಡಿಗಳ ಸಂದಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ಒಣ ಮೆದುಬಟ್ಟೆಯಿಂದ ಒರೆಸಿದರೆ ಸಾಕು. ನೀರನ್ನಾಗಲಿ ಎಣ್ಣೆಯನ್ನಾಗಲಿ ಸಿಂಪಡಿಸಕೂಡದು. ಆಯುಧಪೂಜೆಯ ದಿನ ಅರಿಸಿನ ಕುಂಕುಮವನ್ನು ಕಲಸಿ ಸರಿಯಾಗಿ ಆ ಅಂಕಿಗಳ ಮೇಲೆಯೇ ಬಳಿಯುವವರನ್ನು ನೋಡಿದ್ದೇನೆ. ಭಕ್ತಿಗೆ ಬಾಗಿಲಿನಲ್ಲಿ ಬೇರೆ ಜಾಗ ಬೇಕಾದಷ್ಟಿದೆ. ಅದೇ ದಿನ ವರ್ಷಕ್ಕೊಮ್ಮೆ ಹೊಸ ಬ್ಯಾಟರಿ ಹಾಕುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಮರೆಯುವ ಹಾಗೇ ಇಲ್ಲ.

ಒರೆಸುವಾಗ ಇನ್ನೊಂದನ್ನು ಗಮನಿಸಬೇಕು. ನಾಲ್ಕು ಅಂಕಿಗಳಿಂದ ಹತ್ತು ಸಾವಿರ ಸಂಖ್ಯೆಗಳನ್ನು ಮಾಡಬಹುದು. ಆದರೆ ವರ್ಷಗಟ್ಟಲೆ ಒಂದೇ ಸಂಖ್ಯೆಯನ್ನು ಒತ್ತಿ ನಾಲ್ಕು ಗುಂಡಿಗಳು ಮಾತ್ರ ಸವೆದು ಹೊಳೆಯುತ್ತಿದ್ದರೆ, ಕಳ್ಳನಿಗೆ ಉಳಿಯುವುದು ಇಪ್ಪತ್ತನಾಲ್ಕೇ. ಆದ್ದರಿಂದ ಆಗಾಗ ಸಂಖ್ಯೆಯನ್ನು ಬದಲಿಸುವುದು ಒಳ್ಳೆಯದು. ಬದಲಿಸಿದಾಗ ಬಾಗಿಲನ್ನು ತೆರೆದಿಟ್ಟುಕೊಂಡೇ ಎರಡು ಮೂರು ಸಲ ಪರೀಕ್ಷಿಸಿ, ಆಮೇಲೆ ಮುಚ್ಚಬೇಕು.

ಆ ಸಂಖ್ಯೆ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಸರ್ಕಾರದ ಖಜಾನೆಯಲ್ಲಿ ಜೋಡಿ ಬೀಗ ಹಾಕಿ ಇಬ್ಬರು ಅಧಿಕಾರಿಗಳ ಬಳಿ ಬೀಗದಕೈಗಳನ್ನಿಡುವ ಕಟ್ಟಳೆಯುಂಟು. ಮನೆಗೆ ಅಷ್ಟು ಬಿಗಿ ಬೇಡ. ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ. ಎಷ್ಟೋ ಮನೆಗಳಲ್ಲಿ ಸಂಖ್ಯೆ ಯಜಮಾನನೊಬ್ಬನ ಗುಟ್ಟು. ಅಜ್ಜಿಯ ಸೊಂಟದಲ್ಲಿದ್ದ ಅಧಿಕಾರ ಹೀಗೆ ಸದ್ದಿಲ್ಲದೆ ಕೈತಪ್ಪಿತೆಂದು ನನಗೆ ಅನ್ನಿಸುವುದುಂಟು. ಅವನು ಹಾಸಿಗೆ ಹಿಡಿದ ದಿನ ಆಸ್ಪತ್ರೆಗೆ ಬೇಕಾದ ಹಣವೂ ಕಾಗದಗಳೂ ಒಳಗೇ ಉಳಿಯುತ್ತವೆ.

ಕೆಲವು ತಿಜೋರಿಗಳಿಗೆ ಆಪತ್ತಿಗೆಂದು ಒಂದು ನಿಜವಾದ ಬೀಗದಕೈಯನ್ನೂ ಕೊಟ್ಟಿರುತ್ತಾರೆ. ರಾಮನಗರದ ಆ ಪೆಟ್ಟಿಗೆಗೂ ಇತ್ತು. ಸೋಮವಾರ ಬಾಗಿಲು ತೆರೆದಾಗ ಅದು ಕೈಪಿಡಿಯ ಸಮೇತ ಒಳಗೆ ಭದ್ರವಾಗಿತ್ತು. ನಗಬೇಡಿ, ಮನೆಗೆ ಬಂದು ನೋಡಿದರೆ ನಮ್ಮದೂ ಅಲ್ಲಿಯೇ ಇತ್ತು. ಕೊಂಡ ರಸೀದಿ, ಪೆಟ್ಟಿಗೆಯ ಕ್ರಮಸಂಖ್ಯೆ, ರಿಪೇರಿಗೆ ಕರೆಯಬೇಕಾದವರ ದೂರವಾಣಿ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಬೀಗದಕೈಯ ಜೊತೆ ಬೇರೆಡೆಯಲ್ಲಿಡಿ. ತಿಜೋರಿ ನಿಮ್ಮದೆಂದು ತೋರಿಸಲು ರಿಪೇರಿಯವನು ಮೊದಲು ಕೇಳುವುದು ಅದನ್ನೇ.