ಆ ಅರ್ಧ ಗಂಟೆ ಯಾರೂ ಮಾತಾಡಿಸಲಿಲ್ಲ



2022ರ ಫೆಬ್ರವರಿ 1ರ ಬಜೆಟ್‌ನಲ್ಲಿ ನೀವೆಲ್ಲ ನೋಡಿದ್ದು ಏನು? ಕ್ರಿಪ್ಟೋ ಮೇಲೆ ಶೇ. 30 ತೆರಿಗೆ, ಆದಾಯ ತೆರಿಗೆ ಸ್ಲ್ಯಾಬ್ ಬದಲಾಗಲಿಲ್ಲ, ಅಷ್ಟೇ ತಾನೆ? ಅದರ ನಡುವೆ ಇನ್ನೊಂದು ಮಾತು ಹೋಯ್ತು. ಕೊರೊನಾ ಎಲ್ಲ ವಯಸ್ಸಿನವರ ಮನಸ್ಸಿನ ಕಾಯಿಲೆಗಳನ್ನು ಹೆಚ್ಚಿಸಿದೆ, ಅದಕ್ಕೆ ಫೋನ್ ಮೂಲಕ ಸಲಹೆ ಕೊಡುವ 23 ಕೇಂದ್ರಗಳನ್ನು ಮಾಡ್ತೀವಿ, ನಮ್ಮ ನಿಮ್ಹಾನ್ಸ್ ಅದರ ನೇತೃತ್ವ ವಹಿಸುತ್ತೆ, ಬೆಂಗಳೂರಿನ ಐಐಐಟಿ ತಾಂತ್ರಿಕ ನೆರವು ಕೊಡುತ್ತೆ ಅಂತ ಹಣಕಾಸು ಸಚಿವರು ಸಂಸತ್ತಿನಲ್ಲೇ ಹೇಳಿದರು. ಸಂತೋಷ. ಆದರೆ ನನಗೆ ಒಂದು ಪ್ರಶ್ನೆ ಇದೆ. 2021ರ ಜನವರಿ 16ರಿಂದ ಒಂದು ವರ್ಷದಲ್ಲಿ ಈ ದೇಶ 156 ಕೋಟಿಗೂ ಹೆಚ್ಚು ಡೋಸ್ ಲಸಿಕೆ ಹಾಕಿತು. ಪ್ರತಿ ಸಲ ಚುಚ್ಚಿದ ಮೇಲೆ ಅರ್ಧ ಗಂಟೆ ಕುರ್ಚಿ ಮೇಲೆ ಕೂರಿಸಿತು. ಆ ಅರ್ಧ ಗಂಟೆಯಲ್ಲಿ ಯಾರಾದರೂ ನಿಮ್ಮನ್ನು ‘ಹೇಗಿದ್ದೀರಿ, ರಾತ್ರಿ ನಿದ್ದೆ ಬರ್ತಿದೆಯಾ’ ಅಂತ ಕೇಳಿದರಾ?

2022ರ ಜನವರಿಯಲ್ಲಿ ಮೇಕೆದಾಟು ಪಾದಯಾತ್ರೆ 13ನೇ ತಾರೀಕು ರಾಮನಗರದಲ್ಲಿ ನಿಂತಿತಲ್ಲ, ಕ್ಯಾಮೆರಾಗಳೆಲ್ಲ ಅಲ್ಲಿದ್ದವು. ನಾನು ವಾಪಸ್ ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಅಂತ ಇಳಿದೆ. ಮೈಸೂರು ರಸ್ತೆಯಲ್ಲಿ ಹೋಗೋರು ಬಿಡದಿಯನ್ನು ಇಡ್ಲಿ, ವಂಡರ್‌ಲಾ, ಟೊಯೋಟ ಈ ಮೂರರಲ್ಲೇ ಮುಗಿಸಿಬಿಡ್ತಾರೆ. ಒಳಗೆ ಹೋದರೆ ಅದು ಬೇರೆಯದೇ ಊರು. ಒಂದು ಕಡೆ ಕೈಗಾರಿಕಾ ಪ್ರದೇಶ, ಅಲ್ಲಿ ಶಿಫ್ಟ್ ಲೆಕ್ಕದಲ್ಲಿ ಬದುಕುವ ಗುತ್ತಿಗೆ ಕಾರ್ಮಿಕರು. ಇನ್ನೊಂದು ಕಡೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ರಾಮನಗರದ ಗೂಡಿನ ಮಾರುಕಟ್ಟೆಯ ರೇಟು ನೋಡಿಕೊಂಡು ಬದುಕುವ ರೈತರು. ಅವತ್ತು ಸಂಜೆ ತನಕ ಅಲ್ಲೇ ಕೂತು ಮಾತಾಡಿಸಿದೆ.

ಅರವತ್ತು ದಾಟಿದ ಒಬ್ಬ ತಾಯಿ ಹೇಳಿದ ಮಾತು ಕೇಳಿ. ‘ಸೂಜಿಗೆ ಯಾರಪ್ಪ ಹೆದರ್ತಾರೆ? ನಾಕ್ ಹೆತ್ತೋಳು ನಾನು. ಹುಳ ನಾಕನೇ ಜ್ವರ ಎದ್ದಿದ್ವು. ನಂಗೂ ಜ್ವರ ಬಂದು ಮಲಿಕ್ಕಂಡ್ರೆ ಸೊಪ್ಪು ಕೊಡೋರ್ ಯಾರು?’ ಪಟ್ಟಣದ ವೀಕ್ಷಕರಿಗೆ ಗೊತ್ತಿರಲಿ, ರೇಷ್ಮೆ ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅವು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ಆ ವಾರ ಮನೆಯೋರು ಮಲಗಿದರೆ ಬೆಳೆಯೇ ಹೋಯ್ತು. ಆ ತಾಯಿಯನ್ನು ಸರ್ಕಾರಿ ಪಟ್ಟಿಯಲ್ಲಿ ಏನಂತ ಬರೆದುಕೊಂಡರು? ‘ಲಸಿಕೆಗೆ ಹಿಂಜರಿಕೆ.’ ಹಿಂಜರಿಕೆಯಂತೆ! ಸ್ವಾಮಿ, ಅದು ಪಕ್ಕಾ ಲೆಕ್ಕಾಚಾರ. ಕಾರ್ಖಾನೆ ಹುಡುಗನೊಬ್ಬ ಹೇಳಿದ್ದೂ ಅದನ್ನೇ: ‘ಎರಡು ದಿನ ರಜೆ ಹಾಕಿದ್ರೆ ಮೂರನೇ ದಿನ ನನ್ನ ಜಾಗದಲ್ಲಿ ಬೇರೆಯವನು ನಿಂತಿರ್ತಾನೆ ಸಾರ್.’ ಇವರ ಎದೆಯೊಳಗಿನ ಡವಡವಕ್ಕೆ ಅನ್ನದ ಹೆದರಿಕೆ ಕಾರಣ. ಅದನ್ನು ಯಾರೂ ಕೇಳಲಿಲ್ಲ. ಬದಲಿಗೆ ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂಬ ಮಾತು ಜಿಲ್ಲಾಡಳಿತದಿಂದಲೇ ಹೊರಟಿತು. ಆಮೇಲೆ, ಅಂಥ ಆದೇಶ ನಮ್ಮದಲ್ಲ ಅಂತ ಸರ್ಕಾರ ಹೇಳಿತು. ಆದರೆ ಹೇಳೋ ಹೊತ್ತಿಗೆ ಎಷ್ಟು ಮನೆಯಲ್ಲಿ ಮುದುಕರು ನಿದ್ದೆಗೆಟ್ಟಿರಬೇಡ!

2021ರ ಬೇಸಿಗೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಏಪ್ರಿಲ್ 27ರ ರಾತ್ರಿಯಿಂದ ಲಾಕ್‌ಡೌನ್. ಮೇ 2ರ ರಾತ್ರಿ ಚಾಮರಾಜನಗರದ ಆಮ್ಲಜನಕದ ದುರಂತ. ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನ 50 ಸಾವಿರ ದಾಟಿದ ಸೋಂಕು. ಅದೇ ಮೇ 1ರಿಂದ 18 ದಾಟಿದ ಎಲ್ಲರಿಗೂ ಲಸಿಕೆ ಅಂದರು. ಮೇ 14ಕ್ಕೆ ನಮ್ಮ ರಾಜ್ಯದಲ್ಲಿ 44ರವರೆಗಿನವರಿಗೆ ಸದ್ಯಕ್ಕಿಲ್ಲ, ದಾಸ್ತಾನು ಸಾಲದು ಅಂದರು. ಕೋವಿಶೀಲ್ಡ್ ಎರಡನೇ ಡೋಸ್ ಮೊದಲು ನಾಲ್ಕರಿಂದ ಆರು ವಾರ, ಮಾರ್ಚ್‌ನಲ್ಲಿ ಆರರಿಂದ ಎಂಟು, ಮೇ 13ಕ್ಕೆ ಹನ್ನೆರಡರಿಂದ ಹದಿನಾರು. ವಿಜ್ಞಾನ ಬದಲಾಗುತ್ತೆ, ಒಪ್ಪೋಣ. ಆದರೆ ದಿನಾಂಕ ಎಣಿಸುತ್ತಾ ಕೂತ ಮಧುಮೇಹದ ಅಜ್ಜನಿಗೆ ಯಾಕೆ ಬದಲಾಯ್ತು ಅಂತ ಕನ್ನಡದಲ್ಲಿ ಹೇಳೋರು ಬೇಡವೇ? ಇತ್ತ ಬೆಂಗಳೂರಿನವರು ಕೋವಿನ್‌ನಲ್ಲಿ ರಾತ್ರಿಯೆಲ್ಲ ರಿಫ್ರೆಶ್ ಮಾಡಿ, ಊರಲ್ಲಿ ಸಿಗದೆ, ಸುತ್ತಲ ಜಿಲ್ಲೆಗಳ ಸ್ಲಾಟ್ ಹಿಡಿದು ಕಾರಿನಲ್ಲಿ ಬಂದರು. ನಮ್ಮೂರ ಕೇಂದ್ರದಲ್ಲಿ ನಮಗೆ ಲಸಿಕೆ ಇಲ್ಲ, ಕಾರಲ್ಲಿ ಬಂದೋರಿಗೆ ಇದೆ ಅಂತ ಹಳ್ಳಿಯವನಿಗೆ ಅನಿಸಿದರೆ ಅದು ತಪ್ಪಾ? ಸ್ಮಾರ್ಟ್‌ಫೋನ್ ಇಲ್ಲದವನಿಗೆ ಆವತ್ತು ಆದ ಅವಮಾನ ಯಾವ ಡ್ಯಾಶ್‌ಬೋರ್ಡ್‌ನಲ್ಲೂ ಕಾಣೋದಿಲ್ಲ.

ಇನ್ನು ಮೈಯ ಮಾತಿಗೆ ಬರ್ತೀನಿ. ‘ಲಸಿಕೆ ಹಾಕಿಸಿಕೊಂಡ ಮೇಲೆ ನಂಗೆ ಮೊದಲಿನ ಹಾಗಿಲ್ಲ ಸಾರ್, ಎದೆ ಹಿಡಿಯುತ್ತೆ’ ಅನ್ನೋರನ್ನ ನೀವೂ ನೋಡಿದ್ದೀರಿ. 2021ರ ಏಪ್ರಿಲ್‌ನಲ್ಲಿ ತಮಿಳು ನಟ ವಿವೇಕ್ ಲಸಿಕೆ ಪಡೆದ ಎರಡೇ ದಿನಕ್ಕೆ ಹೋದರು. ಲಸಿಕೆಗೂ ಅದಕ್ಕೂ ಸಂಬಂಧವಿಲ್ಲ ಅಂತ ಪರಿಣಿತರು ಆಮೇಲೆ ಹೇಳಿದರು. ಆದರೆ ಆ ಸುದ್ದಿ ಓಡಿದ ವೇಗದಲ್ಲಿ ಈ ಸುದ್ದಿ ಓಡಲಿಲ್ಲ. ಅಕ್ಟೋಬರ್ 29ರಂದು ನಮ್ಮ ಅಪ್ಪು 46ಕ್ಕೇ ಹೋದಾಗ ಜಯದೇವ ಆಸ್ಪತ್ರೆ ಮುಂದೆ ಇಸಿಜಿ ಮಾಡಿಸಿಕೊಳ್ಳಲು ಸಾಲು ನಿಂತಿತು. ಸಾಲಿನಲ್ಲಿ ಮೂವತ್ತರ ಗಟ್ಟಿಮುಟ್ಟಾದ ಹುಡುಗರು! ಅವರ ಭಯವನ್ನು ನಗೋದು ಬೇಡ.

2022ರ ಜನವರಿಯಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಬಂತು. ಕೊರೊನಾ ಲಸಿಕೆಯ 12 ಪ್ರಯೋಗಗಳು, 45 ಸಾವಿರಕ್ಕೂ ಹೆಚ್ಚು ಜನ. ಲಸಿಕೆಯೇ ಇಲ್ಲದ ಸೂಜಿ ಹಾಕಿಸಿಕೊಂಡವರಲ್ಲೂ ಶೇ. 35 ಜನಕ್ಕೆ ಮೊದಲ ಸಲವೇ ತಲೆನೋವು, ಸುಸ್ತು ಇಂಥದ್ದು ಕಾಣಿಸಿಕೊಂಡಿದೆ. ಲೆಕ್ಕ ಹಾಕಿದರೆ ಮೊದಲ ಡೋಸ್ ನಂತರ ಮೈಯೆಲ್ಲ ಆವರಿಸುವ ಅಂಥ ತೊಂದರೆಗಳಲ್ಲಿ ಮುಕ್ಕಾಲು ಪಾಲು ‘ಏನೋ ಆಗುತ್ತೆ’ ಎಂಬ ನಿರೀಕ್ಷೆಯಿಂದಲೇ ಬಂದಿರಬಹುದು ಅಂತಾರೆ. ಇದಕ್ಕೆ ನೊಸಿಬೋ ಅಂತ ಹೆಸರು. ಹಾಗಂತ ಆ ತಲೆನೋವು ಸುಳ್ಳಾ? ಖಂಡಿತ ಇಲ್ಲ. ಹೆದರಿದ ಮೈ ನಿಜವಾಗಿಯೇ ನೋಯುತ್ತೆ. ಸೂಜಿ ಕಂಡು ಎಚ್ಚರ ತಪ್ಪಿ ಬೀಳೋರು, ಉಸಿರು ಕಟ್ಟಿತು ಅನ್ನೋರು, ಇವರ ವಿಷಯ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ಬರುವ ಮೊದಲೇ, 2019ರಲ್ಲೇ, ಕೈಪಿಡಿ ಬರೆದಿಟ್ಟಿದೆ. ಮಲಗಿಸಿ, ಕಾಲು ಎತ್ತಿಡಿ, ಸಮಾಧಾನ ಹೇಳಿ, ಗುಂಪಿನ ಮುಂದೆ ಗಾಬರಿ ಮಾಡಬೇಡಿ. ಇಷ್ಟು ಸರಳ. ನಾವೇನು ಮಾಡಿದ್ವಿ ಸಮಾಜವಾಗಿ? ಆಶಾ ಕಾರ್ಯಕರ್ತೆಯನ್ನು ಕಂಡು ಮರ ಹತ್ತಿದವನ, ಮೈಮೇಲೆ ದೇವರು ಬಂತು ಅಂತ ಕುಣಿದವನ ವಿಡಿಯೋಗೆ ಹಾಸ್ಯದ ಹಾಡು ಹಾಕಿ ಹಂಚಿಕೊಂಡ್ವಿ. ಮೈಸೂರು ಸೀಮೆಯಲ್ಲಿ 1805ರ ಸುಮಾರಿಗೆ ದೇವಿ ಹಾಕಿಸುವ ಕಾಲದಲ್ಲಿ ಅರಮನೆಯ ರಾಣಿಯರ ಚಿತ್ರವೊಂದನ್ನು ಥಾಮಸ್ ಹಿಕಿ ಬರೆದಿದ್ದ. ಅದರಲ್ಲಿ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಜನರ ಹೆದರಿಕೆ ಬಿಡಿಸಲಿಕ್ಕೇ ಇರಬೇಕು ಅನ್ನೋದು ಇತಿಹಾಸಕಾರರ ಊಹೆ. ಇನ್ನೂರು ವರ್ಷದ ಹಿಂದೆ ಭಯಕ್ಕೆ ಗೌರವ ಇತ್ತು ನೋಡಿ.

ಆದರೆ ಬಿಡದಿಯಲ್ಲಿ ನನ್ನನ್ನು ಅಲ್ಲಾಡಿಸಿದ್ದು ಇದ್ಯಾವುದೂ ಅಲ್ಲ. ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸು. ‘ಅಮ್ಮ ಹಾಕಿಸ್ಕೋತೀನಿ ಅಂದ್ಲು ಸಾರ್. ವಾಟ್ಸಾಪ್ ನೋಡಿ ನಾನೇ ಬೇಡ ಅಂದೆ. ಮೇನಲ್ಲಿ ಹೋದ್ಲು.’ ಅಷ್ಟೇ ಹೇಳಿ ಸುಮ್ಮನಾದಳು. ಅದೇ ಬೀದಿಯ ಇನ್ನೊಬ್ಬ, ‘ಅಪ್ಪನ್ನ ನಾನೇ ಬಲವಂತ ಮಾಡಿ ಸಾಲಲ್ಲಿ ನಿಲ್ಲಿಸಿದೆ. ಆ ನೂಕುನುಗ್ಗಲಲ್ಲೇ ಕೊರೊನಾ ಹತ್ಕೊಂಡಿರ್ಬೇಕು’ ಅಂತ ತಲೆ ತಗ್ಗಿಸಿದ. ಒಬ್ಬಳು ಬೇಡ ಅಂದದ್ದಕ್ಕೆ, ಇನ್ನೊಬ್ಬ ಬೇಕು ಅಂದದ್ದಕ್ಕೆ, ಇಬ್ಬರೂ ತಾವೇ ಕೊಂದೆವು ಅಂದುಕೊಂಡಿದ್ದಾರೆ. ಹೆಣವನ್ನೂ ಸರಿಯಾಗಿ ನೋಡದ, ಹನ್ನೊಂದನೇ ದಿನಕ್ಕೆ ನೆಂಟರೂ ಸೇರದ ಸಾವುಗಳು ಅವು. ಅಳೋದಕ್ಕೇ ಜಾಗ ಸಿಗಲಿಲ್ಲ. ಆ ಹೆಣ್ಣುಮಗಳು ಆಮೇಲೆ ಎರಡೂ ಡೋಸ್ ತಗೊಂಡಿದ್ದಾಳೆ. ಎರಡು ಸಲವೂ ಅರ್ಧರ್ಧ ಗಂಟೆ ಕುರ್ಚಿ ಮೇಲೆ ಕೂತಿದ್ದಾಳೆ. ‘ಅಲ್ಲಿ ಕೂತಾಗ ಅಮ್ಮನೇ ಕಣ್ಮುಂದೆ ಬರ್ತಿದ್ಲು’ ಅಂದಳು. ಮುಂದಿನ ಮೇಜಿನವರು ಕೇಳಿದ್ದು ಒಂದೇ ಪ್ರಶ್ನೆ: ಒಟಿಪಿ ಬಂತಾ?

ಆರೋಗ್ಯ ಸಿಬ್ಬಂದಿಯನ್ನು ನಾನು ಬೈತಿಲ್ಲ. ದಿನಕ್ಕೆ ನೂರಾರು ತೋಳು, ಮನೆಮನೆ ಸುತ್ತಾಟ, ಬೈಗುಳ, ಟಾರ್ಗೆಟ್. ಆಶಾ ಅಕ್ಕಂದಿರ ಮನಸ್ಸಿನ ಗತಿ ಏನಾಗಿದೆ ಅಂತ ಕೇಳೋರೂ ಇಲ್ಲ, ಅದೇ ಇನ್ನೊಂದು ಕಾರ್ಯಕ್ರಮ ಆಗುತ್ತೆ. ನನ್ನ ತಕರಾರು ಯೋಜನೆ ಮಾಡಿದವರ ಮೇಲೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದು, ಸುಮಾರು 15 ಕೋಟಿ ಭಾರತೀಯರಿಗೆ ಮಾನಸಿಕ ಚಿಕಿತ್ಸೆಯ ಅಗತ್ಯ ಇದೆ, ಬಹುಪಾಲು ಜನಕ್ಕೆ ಅದು ಸಿಗ್ತಿಲ್ಲ. ಮನೋವೈದ್ಯರ ಹತ್ತಿರ ಹೋಗಿ ಅಂದರೆ ‘ನಂಗೇನ್ ಹುಚ್ಚಾ?’ ಅನ್ನೋ ದೇಶ ಇದು. ಅಂಥ ದೇಶದ ವಯಸ್ಕರೆಲ್ಲ ತಾವಾಗಿಯೇ ಬಂದು, ಒಂದು ಕೋಣೆಯಲ್ಲಿ, ಅರ್ಧ ಗಂಟೆ ಸುಮ್ಮನೆ ಕೂತರು. ಹಣ ಕೊಟ್ಟರೂ ಇಂಥ ಅವಕಾಶ ಸಿಗುತ್ತಾ? ಗೋಡೆ ಮೇಲೆ ಒಂದು ಫೋನ್ ನಂಬರ್ ಬರೆದಿದ್ದರೆ ಸಾಕಿತ್ತು. ಕಾಲೇಜಿನ ಸಮಾಜಕಾರ್ಯದ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಕೂರಿಸಿ ಮೂರು ಪ್ರಶ್ನೆ ಕೇಳಿಸಬಹುದಿತ್ತು: ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ, ಮನೇಲಿ ಯಾರನ್ನಾದರೂ ಕಳ್ಕೊಂಡ್ರಾ?

ಆಮೇಲೂ ಸಮಯ ಮುಗಿದಿರಲಿಲ್ಲ. 2022ರ ಜನವರಿ 10ರಿಂದ ಮೂರನೇ ಡೋಸ್ ಶುರುವಾಯ್ತು. 60 ದಾಟಿದ, ಬೇರೆ ಕಾಯಿಲೆ ಇರೋ ಹಿರಿಯರು ಮತ್ತೆ ಅದೇ ಕುರ್ಚಿಗಳಿಗೆ ಬಂದರು. ಬಜೆಟ್‌ನ 23 ಕೇಂದ್ರದ ಮಾತು ಹಾಗಿರಲಿ. ಆಗಿನ ರಾಮನಗರ ಜಿಲ್ಲಾಡಳಿತಕ್ಕೆ ಅದಕ್ಕಾಗಿ ಕಾಯಬೇಕಾದ ದರ್ದು ಇರಲಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಅನ್ನೋ ಕಾರ್ಯಕ್ರಮ ಕೊರೊನಾಗಿಂತ ಮೊದಲಿನಿಂದಲೇ ಇತ್ತು. ಅದರ ದಿನ, ಸಮಯ ಬರೆದ ಒಂದು ಚೀಟಿಯನ್ನು ಲಸಿಕೆ ಹಾಕುವ ಕಡೆ ಕೈಗೆ ಕೊಡಬಹುದಿತ್ತು. ಖರ್ಚು ಎಷ್ಟು? ಒಂದು ಜೆರಾಕ್ಸ್.

ನಿಮ್ಹಾನ್ಸ್‌ನ ಸಹಾಯವಾಣಿಯೂ 2020ರ ಲಾಕ್‌ಡೌನ್ ಕಾಲದಿಂದಲೇ ನಡೀತಿತ್ತು. ಆಗ ಅದರ ನಂಬರ್ 080-46110007 ಆಗಿತ್ತು. ಕನ್ನಡದಲ್ಲೇ ಮಾತಾಡ್ತಿದ್ದರು.